ಒಂದು ಜಾತಿಯ ವಿಮಾನಕ್ಕೆ ಅಡ್ವಾನ್ಸ್

ಮಗಳಿಗೆ ವಿಮಾನ ಹಾರಿಸುವ ಲೈಸೆನ್ಸ್ ಬಂದ ದಿನ ನಾನು ಕಳಸದ ಪೇಟೆಯಲ್ಲಿ ಎದೆ ಉಬ್ಬಿಸಿಕೊಂಡು ನಡೆದದ್ದಕ್ಕೆ ಸಾಕ್ಷಿಗಳಿದ್ದಾರೆ. ಅಷ್ಟರಿಂದಲೇ ಕಂಪನಿಗಳ ದೊಡ್ಡ ವಿಮಾನ ಮುಟ್ಟುವಂತಿಲ್ಲ, ಒಂದೊಂದು ಜಾತಿಯ ವಿಮಾನಕ್ಕೂ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ತರಬೇತಿ ಬೇಕು ಎಂದು ತಿಳಿದದ್ದು ಆಮೇಲೆ. ಅದರ ಖರ್ಚು ಕೇಳಿ ನಾನು ಕೂತಿದ್ದ ಕುರ್ಚಿಯೇ ಒಂದಡಿ ಮೇಲೆದ್ದಂತಾಯಿತು.

ಆದರೂ ಹೊಳೆಬದಿಯ ರೊಬಸ್ಟಾ ಕಾಫಿ ತೋಟ ಮಾರಿ ಕಟ್ಟುವುದೆಂದು ನಿಶ್ಚಯಿಸಿದೆ. ನಮ್ಮಲ್ಲಿ ವ್ಯಾಪಾರಿ ಗಿಡದ ಮೇಲಿನ ಕಾಯಿ ನೋಡಿ ಅಡ್ವಾನ್ಸ್ ಕೊಟ್ಟನೆಂದರೆ ಮಾತು ಮುಗಿಯಿತು. ರೇಟು ಬಿದ್ದರೂ ಬೆಳೆ ಅವನೇ ಒಯ್ಯಬೇಕು. ಹಾಗಿರುವಾಗ ತರಬೇತಿ ಕೇಂದ್ರದವರು ಅಡ್ವಾನ್ಸ್ ತೆಗೆದುಕೊಂಡು ಕೆಲಸ ಕೊಡದೆ ಹೋದಾರೆಯೇ? ಈ ಸಿದ್ಧಾಂತವನ್ನು ಹೆಂಡತಿ ಮತ್ತು ತೋಟದ ಮೇಸ್ತ್ರಿಯ ಮಹಾಸಭೆಯಲ್ಲಿ ಮಂಡಿಸಿದೆ. ಯಾರಿಗೂ ಅರ್ಥವಾಗದ್ದರಿಂದ ಸರ್ವಾನುಮತದಿಂದ ಅಂಗೀಕಾರವಾಯಿತು.

ಸೋಮವಾರ ಅಡ್ವಾನ್ಸ್ ಕಟ್ಟಬೇಕು. ಶನಿವಾರ ಬೆಳಿಗ್ಗೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೇಂದ್ರಕ್ಕೆ ಫೋನ್ ಮಾಡಿದೆ.

"ಕೆಲಸಕ್ಕೆ ಸೇರೋದು ಯಾವಾಗ?"

"ಕೆಲಸ ನಾವು ಕೊಡಲ್ಲ ಸರ್. ಟ್ರೈನಿಂಗ್ ಮಾತ್ರ."

"ಮತ್ತೆ ಅಡ್ವಾನ್ಸ್ ಯಾತಕ್ಕೆ ಮಾರಾಯ್ರೇ?"

"ಸೀಟಿಗೆ ಸರ್. ವಾಪಸ್ ಬರಲ್ಲ."

ಫೋನ್ ಕೆಳಗಿಟ್ಟೆ. ಮಗಳ ಕಡೆ ತಿರುಗಿದೆ. ಅವಳಿಗೆ ಇದೆಲ್ಲ ಗೊತ್ತಿತ್ತು.

"ಮೊದ್ಲೇ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀವು ಬೇಡ ಅಂತೀರಿ ಅಂತ ಹೆದರಿಕೆ. ಕಟ್ಟಿದ ಮೇಲೆ, ಕರೆಯೋ ಕಂಪನೀಲಿ ಬೇರೆ ಜಾತಿ ವಿಮಾನ ಇದ್ರೆ ಅಂತ ಅದೂ ಹೆದರಿಕೆ. ಊಟ ಸೇರ್ತಿಲ್ಲ ಅಪ್ಪಾ."

ಆಕಾಶದಲ್ಲಿ ಒಬ್ಬಳೇ ಹಾರಿ ಬಂದವಳು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನೇನೂ ಅವಳಿಗಿಂತ ಧೀರನಾಗಿರಲಿಲ್ಲ. ಬೇಡ ಎಂದರೆ ಹಾರದೆ ಕೂತು ಅವಳ ಕಲಿಕೆ ತುಕ್ಕು ಹಿಡಿಯುತ್ತದೆ. ಬೇಕು ಎಂದರೆ ತೋಟವೂ ಇಲ್ಲ, ಕೆಲಸವೂ ಇಲ್ಲ. ನನ್ನ ತಪ್ಪು ಲೆಕ್ಕದಿಂದ ಅವಳ ಬದುಕು ಹಾಳಾದರೆ ಯಾವ ಸಭೆ ಕರೆಯಲಿ?

"ಮೊದ್ಲು ಯಾರಾದ್ರೂ ಕೆಲಸಕ್ಕೆ ಕರೀಲಿ," ಎಂದೆ. "ಅವರ ಹತ್ರ ಯಾವ ಜಾತಿ ಇದ್ಯೋ ಅದನ್ನೇ ಕಲಿ. ಅವತ್ತು ತೋಟ ಮಾರೋಣ."

"ಯಾರೂ ಕರೀದಿದ್ರೆ?"

ನಾನು ಫೋನನ್ನು ಅವಳ ಕಡೆ ಸರಿಸಿದೆ. ಕೇಂದ್ರಕ್ಕೆ ಫೋನ್ ಮಾಡಿ, ಸೀಟು ಬೇಡವೆಂದು ಅವಳೇ ಹೇಳಿದಳು. ಆಮೇಲೆ ಅರ್ಜಿ ಬರೆಯಲು ಕೂತಳು.

ಅಂದಿನಿಂದ ಅವಳ ಮೊಬೈಲ್ ಸದ್ದಾದಾಗಲೆಲ್ಲ ನಾನು ಎದ್ದು ನಿಲ್ಲುತ್ತೇನೆ. ಮೊನ್ನೆ ಗ್ಯಾಸ್ ಸಿಲಿಂಡರಿನವನ ಕರೆಗೂ ಎದ್ದು ನಿಂತೆ.