ತೋಮಸಣ್ಣ ಬಸ್ಸು ತಡೆದ ದಿನ

ನಂಬಲಿಲ್ಲ...

ಬೆಳಿಗ್ಗೆ ನಮ್ಮ ಸಂಘದ ಗ್ರೂಪಿನಲ್ಲಿ ಮೆಸೇಜ್ ಬಂದಾಗ ನಾನು ನಂಬಲೇ ಇಲ್ಲ.
ಕೆಳಗೆ ಕೈಮುಗಿದ ಎಮೋಜಿಗಳು ಸಾಲುಗಟ್ಟಿ ಬರುತ್ತಿದ್ದವು...
ಇವರಲ್ಲಿ ಒಬ್ಬರಾದರೂ ಫೋನ್ ಮಾಡಿ ಕೇಳಿದ್ದಾರೆಯೇ?
ಇದೇ ಗ್ರೂಪು ಹಿಂದೊಮ್ಮೆ, ಬದುಕಿರುವವರೊಬ್ಬರಿಗೆ ಶ್ರದ್ಧಾಂಜಲಿ ಹಾಕಿದ್ದು ನೆನಪಿತ್ತು.

ನೇರ ಅವರ ನಂಬರಿಗೇ ಫೋನ್ ಮಾಡಿದೆ.
ಎತ್ತಿದ್ದು ಮಗಳು ರೀಟಾ.
"ಖರೆ ಅದ ಅಂಕಲ್... ನಸುಕಿನ್ಯಾಗ ಹೋಗ್ಯಾರ," ಅಂದಳು.

ನಮ್ಮ ತೋಮಸಣ್ಣ ಇನ್ನಿಲ್ಲ...

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.
ಕಲಬುರಗಿಯ ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸುತ್ತಿದ್ದವರು. ನನ್ನ ಸಹೋದ್ಯೋಗಿ.
ನಮ್ಮ ಚರ್ಚಿನ ಗಂಡಸರು ಸೇರಿ ಕಟ್ಟಿದ ಸಹೋದರ ಸೇವಾ ಸಂಘದ ಮೊದಲ ಸದಸ್ಯರಲ್ಲಿ ಒಬ್ಬರು.
ಎಲ್ಲಿಂದಲೋ ಕೂಲಿಗೆ ಬಂದವನೊಬ್ಬ ಇಲ್ಲಿ ತೀರಿಕೊಂಡಾಗ, ಹೊರಲು ಜನ ಇರಲಿಲ್ಲ. ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಬಂದ ನಾಲ್ವರು ಹೆಗಲು ಕೊಟ್ಟರು...
ಸಂಘ ಹುಟ್ಟಿದ್ದು ಹಾಗೆ.
ಆಮೇಲೆ ಬೇಸಿಗೆಯ ಅರವಟ್ಟಿಗೆ, ರಕ್ತದಾನ, ಕಮಲಾಪುರದಲ್ಲಿ ಒಂದು ಶಾಖೆ... ಎಲ್ಲ ಬಂದವು.

ಸಂಘಕ್ಕೆ ಏನು ಹೆಸರಿಡೋಣ ಎಂದು ಉಳಿದವರು ಚರ್ಚಿಸುತ್ತಿದ್ದರೆ ತೋಮಸಣ್ಣನ ಮಾತೇ ಬೇರೆ.
"ಹೆಸರು ಆಮ್ಯಾಲ ಇಡೂನು. ಮೊದಲ ಯಾರಿಗಿ ಏನು ಮಾಡ್ತೀವಿ, ಅದು ಹೇಳ್ರಿ."

ಸಂಶಯದ ಮನುಷ್ಯ. ಎಲ್ಲದಕ್ಕೂ ಪ್ರಶ್ನೆ.
ಹಣ್ಣು ಹಂಚಲು ಬಂದವರು ಮೊದಲು ಫೋಟೋಗ್ರಾಫರನ್ನು ಯಾಕೆ ಕರೆಸಿದರು? ಗಾಲಿಕುರ್ಚಿ ಕೊಡುವವರು ಯಾರಿಗೆ ಕೊಡಬೇಕೆಂದು ತಾವೇ ಯಾಕೆ ತೀರ್ಮಾನಿಸುತ್ತಾರೆ?
ಮೀಟಿಂಗು ಮುಗಿಯುತ್ತಲೇ ಇರಲಿಲ್ಲ...

ಕಮಲಾಪುರದ ಆ ದಿನ ಮರೆಯಲಾಗದು.

ಸಂಘದಿಂದ ಕಣ್ಣಿನ ಕ್ಯಾಂಪ್ ಇಟ್ಟಿದ್ದೆವು. ಬೇರೆ ಊರಿನಿಂದ ಒಂದು ತಂಡ ಬಂದಿತ್ತು. ಪೊರೆ ಬಂದ ಮುದುಕ ಮುದುಕಿಯರನ್ನು ಆರಿಸಿ, ಆಪರೇಷನ್ನಿಗೆ ಇವತ್ತೇ ಕರೆದೊಯ್ಯುತ್ತೇವೆ ಎಂದು ಬಸ್ಸು ಹತ್ತಿಸಿದರು. ಎಲ್ಲ ಪುಕ್ಕಟೆ. ಆದರೆ ಮನೆಯವರು ಯಾರೂ ಜೊತೆಗೆ ಬರುವಂತಿಲ್ಲ.

ತೋಮಸಣ್ಣ ಹೋಗಿ ಬಸ್ಸಿನ ಮುಂದೆ ನಿಂತರು.
"ಯಾವ ದವಾಖಾನಿಗಿ ಒಯ್ಯಾಕತ್ತೀರಿ? ಹೆಸರು ಹೇಳ್ರಿ, ಸರೀತೀನಿ."

ದೊಡ್ಡ ಆಸ್ಪತ್ರೆ ಅಂದರು. ಯಾವ ಊರು ಎಂದರೆ ಹೋದ ಮೇಲೆ ತಿಳಿಸುತ್ತೇವೆ ಅಂದರು. ಸಂಘದ ಅಧ್ಯಕ್ಷರು ಬಂದು ತೋಳು ಹಿಡಿದು ಎಳೆದರು. ತೋಮಸಣ್ಣ ಕದಲಲಿಲ್ಲ. ಕೊನೆಗೆ ತಂಡದವರು ಸಿಟ್ಟಾಗಿ, ಎಲ್ಲರನ್ನೂ ಇಳಿಸಿ ಹೊರಟೇ ಹೋದರು.

ಬೈಗುಳ ಬಿದ್ದದ್ದು ಇವರಿಗೆ.
ಎಲ್ಲರಿಗಿಂತ ಜೋರಾಗಿ ಬೈದದ್ದು ಹುಸೇನಬೀ. ಎರಡೂ ಕಣ್ಣಿಗೆ ಪೊರೆ ಬಂದು, ಸೊಸೆಯ ಕೈ ಹಿಡಿದೇ ಓಡಾಡುತ್ತಿದ್ದ ಹಿರಿಯರು.

ಊರಿನವರಿಗೆ ತೋಮಸಣ್ಣನ ಮೇಲೆ ಅನುಮಾನ... ಬೇರೆ ಯಾವುದೋ ಆಸ್ಪತ್ರೆಯ ಜೊತೆ ಒಳಒಪ್ಪಂದ ಇರಬೇಕು ಅಂದರು.
ಸಂಘದವರಿಗೂ ಅನುಮಾನ... ಅಧ್ಯಕ್ಷರ ಹೆಸರು ಕೆಡಿಸಲೆಂದೇ ಮಾಡಿದ್ದು ಅಂದರು.
ಕಮಲಾಪುರದ ಶಾಖೆ ಮುಚ್ಚಿತು. ಮೀಟಿಂಗಿಗೆ ಇವರನ್ನು ಕರೆಯುವುದು ನಿಂತಿತು.

ತೋಮಸಣ್ಣ...
ನಿಮ್ಮನ್ನು ಸ್ಟಾಫ್ ರೂಮಿನಲ್ಲಿ ನೇರವಾಗಿ ಕೇಳಿದ್ದೆ. ಆ ಕ್ಯಾಂಪಿನ ತಂಡದವರು ನಿಜವಾಗಿ ಮೋಸಗಾರರಾ ಅಂತ.
ನೀವು ಚಹಾದ ಕಪ್ಪು ಕೆಳಗಿಟ್ಟು ಹೇಳಿದಿರಿ...
"ನನಗೂ ಗೊತ್ತಿಲ್ಲೋ ತಮ್ಮಾ. ಒಳ್ಳೆಯವರೇ ಇದ್ದಿರಬೇಕು. ಆದ್ರ ಕಣ್ಣು ನಮ್ಮವಲ್ಲ, ಆ ಮುದುಕಿದವು. ನಾವು ಕೇಳಬೇಕಾಗ್ತದ."

ಇವತ್ತಿಗೂ ಗೊತ್ತಿಲ್ಲ.
ನನಗೆ ಗೊತ್ತಿರುವುದು ಆಮೇಲೆ ನೀವು ಮಾಡಿದ್ದು...
ರಜೆ ಹಾಕಿ ಕಮಲಾಪುರಕ್ಕೆ ಹೋಗಿ, ಬಾಗಿಲಲ್ಲಿ ನಿಂತು ಬೈಸಿಕೊಂಡು, ಹುಸೇನಬೀಯನ್ನು ಕಲಬುರಗಿಯ ಸರ್ಕಾರಿ ಆಸ್ಪತ್ರೆಗೆ ಕರೆತಂದಿರಿ. ಅವರಿಗೆ ನಿಮ್ಮ ಮೇಲೆ ಎಷ್ಟು ಸಂಶಯವೆಂದರೆ, ಬಸ್ಸಿನಲ್ಲಿ ಸೊಸೆಯ ಸೆರಗನ್ನು ಗಟ್ಟಿಯಾಗಿ ಹಿಡಿದೇ ಕೂತಿದ್ದರಂತೆ.

ಅಲ್ಲಿಯೂ ನೀವು ಸುಮ್ಮನಿರಲಿಲ್ಲ!
ಆಪರೇಷನ್ ಮಾಡುವವರು ಯಾರು, ಪಟ್ಟಿ ಬಿಚ್ಚುವವರು ಯಾರು, ನೋವಾದರೆ ಯಾರನ್ನು ಕರೆಯಬೇಕು... ಡಾಕ್ಟರಿಗೂ ಸಾಕಾಗಿತ್ತು. ಆದರೂ ಎಲ್ಲಕ್ಕೂ ಉತ್ತರ ಕೊಟ್ಟರು. ಪಕ್ಕದಲ್ಲಿ ಕೂತು ಹುಸೇನಬೀ ಪ್ರತಿಯೊಂದನ್ನೂ ಕೇಳಿಸಿಕೊಂಡರು.

ಪಟ್ಟಿ ಬಿಚ್ಚಿದಾಗ ನಿಮ್ಮನ್ನು ಬಹಳ ಹೊತ್ತು ನೋಡಿದರಂತೆ.
"ನೀವೇನ್ರಿ ಅವ್ರು? ದನಿ ಕೇಳಿ ಭಾಳ ದೊಡ್ಡ ಆಳು ಅನ್ಕೊಂಡಿದ್ದೆ."
ಇದನ್ನು ಹೇಳಿ ನೀವು ಎಷ್ಟು ನಕ್ಕಿರಿ...

ಆಮೇಲೆ ಒಬ್ಬೊಬ್ಬರೇ ನಿಮ್ಮ ಜೊತೆ ಆಪರೇಷನ್ನಿಗೆ ಬಂದರು. ಅಂದು ಬಸ್ಸಿನಿಂದ ಇಳಿದವರೇ.
ಕಮಲಾಪುರದ ಶಾಖೆ ಮತ್ತೆ ತೆರೆಯಿತು. ತೆರೆಯಿರಿ ಎಂದು ಕೇಳಿದ್ದು ಆ ಊರಿನವರೇ.

ಇವತ್ತು ಎಲ್ಲರ ಸ್ಟೇಟಸ್ಸಿನಲ್ಲೂ ತೋಮಸಣ್ಣ.
"ಸಂಘದ ಆಧಾರಸ್ತಂಭ" ಎಂದು ಬರೆದವರಲ್ಲಿ, ಅಂದು ತೋಳು ಹಿಡಿದು ಎಳೆದವರೂ ಇದ್ದಾರೆ.
ದುಃಖ ಇರಬಹುದು... ಇಲ್ಲ ಅನ್ನಲಾರೆ.
ಆದರೂ ಅನುಮಾನ ಬರುತ್ತದೆ. ಕ್ಷಮಿಸಿ.

ಈಗಷ್ಟೇ ಖೂಬಾ ಪ್ಲಾಟ್ ಬಡಾವಣೆಯ ತೋಮಸಣ್ಣನ ಮನೆಯಿಂದ ಬಂದೆ.
ನಾನಿದ್ದಾಗಲೇ ಕಮಲಾಪುರದಿಂದ ಹುಸೇನಬೀ ಬಂದರು. ಸೊಸೆಯ ಕೈ ಬಿಟ್ಟು, ತಾವೇ ಮೆಟ್ಟಿಲು ಹತ್ತಿದರು. ಅಳಲಿಲ್ಲ. ರೀಟಾಳನ್ನು ಎದುರಿಗೆ ಕೂರಿಸಿಕೊಂಡರು.
"ಯಾವ ಡಾಕ್ಟರ್ ನೋಡ್ಯಾರ ಬೇಟಿ? ನಿನ್ನಿ ಏನು ಉಂಡಿದ್ರು? ಎದಿ ನೋವು ಅಂದಿದ್ರೇನು? ಬಾಜೂಕ ಯಾರಿದ್ರು?"

ಸುತ್ತ ಕೂತವರು ಮುಖ ಮುಖ ನೋಡಿಕೊಂಡರು. ಯಾರೋ ಸುಮ್ಮನಿರಿ ಎಂದು ಸನ್ನೆ ಮಾಡಿದರು.
ರೀಟಾ ಮಾತ್ರ ಕಣ್ಣೊರೆಸಿಕೊಂಡು, ಒಂದೊಂದಕ್ಕೂ ಉತ್ತರ ಹೇಳಿದಳು.
ಕೇಳುವುದೆಲ್ಲ ಕೇಳಿ ಮುಗಿದ ಮೇಲೆಯೇ ಹುಸೇನಬೀ ಅತ್ತರು...

ಹೋಗಿ ಬನ್ನಿ ತೋಮಸಣ್ಣ.
ನಿಮ್ಮ ಆತ್ಮಕ್ಕೆ ದೇವರ ಮಡಿಲಲ್ಲಿ ನೆಮ್ಮದಿ ಸಿಗಲಿ. 🙏