ರೊಟ್ಟಿಗೊಂದು ಇಂಗ್ಲಿಷ್ ಮಾತು

ನೀಲವ್ವ ಕಾಕುಗೆ ಬೆಳಿಗ್ಗೆ ಒಂದು ಇಂಗ್ಲಿಷ್ ಮಾತು ಹೇಳಿಕೊಟ್ಟರೆ ಸಂಜೆಯೊಳಗೆ ಅದು ಆಳಂದದ ಪೇಟೆಯಲ್ಲಿ ಖರ್ಚಾಗಿರುತ್ತಿತ್ತು. ನಾಳೆಗೆ ಎತ್ತಿಡುವುದು ಅವಳಿಗೆ ಗೊತ್ತೇ ಇರಲಿಲ್ಲ. "ಮಾತು ಅಂದ್ರ ಹಾಲಿದ್ದಂಗ ಬೇ, ಇಟ್ರ ಒಡೀತದ" ಎನ್ನುತ್ತಿದ್ದಳು. 'ಲಾಂಗ್ ಟೈಮ್ ನೋ ಸೀ' ಕಲಿತ ದಿನ, ಬೆಳಿಗ್ಗೆಯಷ್ಟೇ ಹಾಲು ಹಾಕಿ ಹೋಗಿದ್ದವನಿಗೂ, ಎದುರುಮನೆಯ ಕಟ್ಟೆಯಿಂದ ಏಳದ ಮುದುಕಪ್ಪನಿಗೂ, ಕೊನೆಗೆ ಊಟಕ್ಕೆ ಬಂದ ಗಂಡನಿಗೂ ಅದನ್ನೇ ಹೇಳಿದಳು. 'ಹೋಲ್ಡ್ ಯುವರ್ ಹಾರ್ಸಸ್' ಎಂದರೆ ತಡಿ, ಅವಸರ ಮಾಡಬೇಡ ಎಂದು ನಾನು ಅರ್ಥ ಹೇಳಿದ ದಿನ ಖಜೂರಿ ಊರಿನ ಬಸ್ಸು ಅವಳನ್ನು ಬಿಟ್ಟು ಹೊರಟಿತ್ತು. ಕಾಕು ತಲೆಯ ಮೇಲೆ ರೊಟ್ಟಿಬುಟ್ಟಿ ಹೊತ್ತು ಹಿಂದೆ ಓಡುತ್ತ ಆ ಮಾತನ್ನೇ ಕೂಗಿದಳು. ಬಸ್ಸು ನಿಂತಿತು. ಕಂಡಕ್ಟರ್ ಇಳಿದು ರಸ್ತೆಯ ಎರಡೂ ಕಡೆ ನೋಡಿ, "ಕುದರಿ ಎಲ್ಲವ್ರಿ ಅವ್ವಾರ?" ಎಂದ.

"ನಿನ್ನ ಬಸ್ಸಿನ ಒಳಗವ. ಮೊದಲ ಬುಟ್ಟಿ ಹಿಡಿ" ಎಂದಳು ಕಾಕು.

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದರೂ ಅವಳು ನಮಗೆ ಸಂಬಂಧಿಯಲ್ಲ. ಎರಡು ಮನೆಗಳ ನಡುವೆ ಒಂದು ಗಿಡ್ಡ ಗೋಡೆ, ಅಷ್ಟೇ. ಐವತ್ತು ದಾಟಿದ್ದಳು. ಓಣಿಯ ಹೆಂಗಸರ ಸಂಘಕ್ಕೆ ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕುಟ್ಟಿ ಕೊಡುತ್ತಿದ್ದಳು. ನಾನು ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ನನ್ನ ಮಾತು ಕಡಿಮೆ ಎಂಬುದು ಓಣಿಗೆಲ್ಲ ತಿಳಿದ ವಿಷಯ. ಒಂದು ಮಧ್ಯಾಹ್ನ ಕಾಕು ಗೋಡೆಯ ಮೇಲೆ ಗದ್ದ ಊರಿ ಸುದ್ದಿ ಹೇಳಿದಳು. ದಿಲ್ಲಿಯಲ್ಲಿ ದೊಡ್ಡ ಮೇಳ ನಡೆಯುತ್ತದಂತೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಸೇರಿ ಒಬ್ಬಳೇ ಹೆಂಗಸನ್ನು ಅಂಗಡಿ ನೋಡಿಕೊಳ್ಳಲು ಕಳಿಸುತ್ತಾರಂತೆ. ಗಿರಾಕಿಗಳ ಜೊತೆ ನಾಲ್ಕು ಮಾತು ಇಂಗ್ಲಿಷ್ ಬರಬೇಕು. ಜೇವರ್ಗಿಯಲ್ಲಿ ಕೂರಿಸಿ ಕೇಳುತ್ತಾರೆ.

"ನಾ ಬಡದ ರೊಟ್ಟಿ ಪುಣೆ ನೋಡ್ಯಾವ, ಹೈದರಾಬಾದ್ ನೋಡ್ಯಾವ. ಬಡದಾಕಿ ಮಾತ್ರ ಕಲಬುರಗಿ ದಾಟಿಲ್ಲ. ಈ ಸಲ ರೊಟ್ಟಿ ಸಂಗಾಟ ನಾನೂ ಹೋಗಾಕಿ. ನೀ ನನಗ ಇಂಗ್ಲಿಷ್ ಕಲಸು" ಎಂದಳು.

ಒಲ್ಲೆ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು. ಅಷ್ಟು ಮಾತು ಯಾರಾಡುತ್ತಾರೆ ಎಂದು ಹೂಂ ಎಂದೆ.

ಪಾಠ ಒಲೆಯ ಮುಂದೆಯೇ ನಡೆಯುತ್ತಿತ್ತು. ಒಂದು ರೊಟ್ಟಿಗೆ ಒಂದು ಮಾತು ಎಂಬುದು ಅವಳೇ ಹಾಕಿಕೊಂಡ ಲೆಕ್ಕ. ಹಿಟ್ಟು ನಾದುವಾಗ ನಾನು ಹೇಳಬೇಕು, ಬಡಿಯುವಾಗ ಅವಳು ಕೈಯ ತಾಳಕ್ಕೆ ಸರಿಯಾಗಿ ಅದನ್ನು ಹೇಳಬೇಕು, ಹಂಚಿನ ಮೇಲೆ ತಿರುವಿ ಹಾಕುವಷ್ಟರಲ್ಲಿ ಅರ್ಥ ಒಪ್ಪಿಸಬೇಕು. 'ಹೌ ಮೆನಿ ಪ್ಯಾಕೆಟ್ಸ್ ಡು ಯು ವಾಂಟ್' ಎಂಬುದು ಉದ್ದವಾಗಿದ್ದರಿಂದ ಅದಕ್ಕೆ ದೊಡ್ಡ ಉಂಡೆ ಬೇಕಾಯಿತು. ಅರ್ಥ ನೆನಪಾಗದೆ ಸೀದು ಹೋದವನ್ನು ಕಾಕು 'ಇಂಗ್ಲಿಷ್ ರೊಟ್ಟಿ' ಎಂದು ಬೇರೆ ಇಡುತ್ತಿದ್ದಳು. ಅವೆಲ್ಲ ಎದುರುಮನೆಯ ಎಮ್ಮೆಯ ಪಾಲು. ಆ ತಿಂಗಳು ಅದರ ಮೈ ತುಂಬಿಕೊಂಡಿದ್ದನ್ನು ಕಂಡು ನಮ್ಮವ್ವ, ಪರೀಕ್ಷೆಗೆ ಎಮ್ಮೆಯನ್ನೇ ಕರೆದುಕೊಂಡು ಹೋಗಿರಿ, ಹೆಚ್ಚು ಕಲಿತದ್ದು ಅದೇ ಎಂದಳು.

ನುಡಿಗಟ್ಟುಗಳನ್ನು ಅವಳು ಸುಮ್ಮನೆ ಒಪ್ಪುತ್ತಿರಲಿಲ್ಲ. ಇದು ನಮ್ಮೂರಾಗ ನಡೀತದೇನು ಎಂದು ಪ್ರತಿಯೊಂದನ್ನೂ ವಿಚಾರಣೆಗೆ ನಿಲ್ಲಿಸುತ್ತಿದ್ದಳು. ಗುಟ್ಟು ಬಿಟ್ಟುಕೊಡುವುದಕ್ಕೆ 'ಸ್ಪಿಲ್ ದ ಬೀನ್ಸ್', ಅಂದರೆ ಕಾಳು ಚೆಲ್ಲುವುದು ಎನ್ನುತ್ತಾರೆ ಎಂದಾಗ ತೊಗರಿ ಬೆಳೆಯುವವರ ಮಗಳಾದ ಅವಳಿಗೆ ಬಹಳ ಹಿಡಿಸಿತು. ಸುಲಭದ ಕೆಲಸಕ್ಕೆ 'ಪೀಸ್ ಆಫ್ ಕೇಕ್' ಎಂದಾಗ ಮಾತ್ರ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ನಿನ್ನ ಮುಂದ ಒಂದ್ ಕೇಕ್ ಇಟ್ಟು, ಓಣಿ ಹುಡುಗ್ರಿಗೆಲ್ಲ ಸಮ ಪಾಲು ಮಾಡು ಅಂತೇನಿ. ಆಮ್ಯಾಲ ಸುಲಭ ಅನ್ನು" ಎಂದಳು.

ಒಂದು ವಾಕ್ಯ ಮಾತ್ರ ಮುಂದೆ ಸಾಗಲಿಲ್ಲ. ಪರಿಚಯ ಹೇಳಿಕೊಳ್ಳುವಾಗ 'ಮೈ ಹಸ್ಬೆಂಡ್ಸ್ ನೇಮ್ ಈಸ್' ಎಂಬಲ್ಲಿಗೆ ಬಂದು ಕಾಕು ನಿಲ್ಲುತ್ತಿದ್ದಳು. ನಾನು "ಮಲ್ಲಪ್ಪ" ಎನ್ನುತ್ತಿದ್ದೆ. ಅವಳು ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದಳು. ಇದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅವ್ವನ ಬದಲಿಗೆ ಅಪ್ಪನ ಹೆಸರು ಹೇಳಿಯೇ ಬೆಳೆದವಳು ನಾನು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದು ಮದುವೆ, ಸೀಮಂತಗಳಲ್ಲಿ ಮಾತ್ರ. ಅದೂ ಪ್ರಾಸ ಹಚ್ಚಿ, ಒಡಪಿನಲ್ಲಿ.

ನಾವಿಬ್ಬರೂ ಜೇವರ್ಗಿಗೆ ಹೊರಟ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ, ಶುಭವಾಗಲಿ ಎನ್ನಲು 'ಬ್ರೇಕ್ ಎ ಲೆಗ್' ಎಂದೆ. ಅರ್ಥ ಕೇಳಿದಳು. ಕಾಲು ಮುರಿದುಕೋ ಎಂದು ಹೇಳಿದೆ. ಕಾಕು ಒಂದು ಕ್ಷಣ ನನ್ನನ್ನೇ ನೋಡಿ, ಹತ್ತಿದ ಬಸ್ಸಿನಿಂದ ಇಳಿದು ಮನೆಯ ದಾರಿ ಹಿಡಿದಳು. ಹೊರಟಾಗ ಅಂಥ ಮಾತು ಕಿವಿಗೆ ಬಿದ್ದರೆ ತಿರುಗಿ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ನೀರು ಕುಡಿದಳು. ಜೊತೆಗೆ ಉಪ್ಪು, ಮೆಣಸಿನಕಾಯಿ ತಂದು ನನ್ನ ಕೈಯಿಂದಲೇ ದೃಷ್ಟಿ ತೆಗೆಸಿಕೊಂಡಳು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿ ಮುಟ್ಟಿದಾಗ ಉಳಿದವರದೆಲ್ಲ ಮುಗಿದಿತ್ತು. ಅಫಜಲಪುರದವಳು ಬಿ.ಎ. ಓದಿದವಳು, ನೀರು ಕುಡಿದಂತೆ ಮಾತಾಡಿದಳು ಎಂದು ಬಾಗಿಲಲ್ಲೇ ಯಾರೋ ಹೇಳಿದರು. ಕಾಕುವಿನ ಮುಖ ಇಳಿಯಿತು.

ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಒಳಗೆ ಮೇಜಿನ ಹಿಂದೆ ಮೈಸೂರು ಕಡೆಯ ಮೇಡಂ, ಗೋಡೆಗೆ ಒರಗಿ ಉಳಿದ ಹೆಂಗಸರು. ಕಾಕು ಕೈ ಕಟ್ಟಿ ನಿಂತು ಶುರು ಮಾಡಿದಳು. ಮೈ ನೇಮ್ ಈಸ್ ನೀಲವ್ವ. ಐ ಆಮ್ ಫ್ರಮ್ ಆಳಂದ. ಮೈ ಹಸ್ಬೆಂಡ್ಸ್ ನೇಮ್ ಈಸ್... ನಿಂತು, ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದಳು. ನಾನು ಬಾಯಿ ತೆರೆದೆ. ಬಾಗಿಲಲ್ಲಿದ್ದವನು ಬೆರಳು ತೋರಿಸಿ ಸುಮ್ಮನಿರಿಸಿದ. ಗಂಡನ ಹೆಸರೇ ನೆನಪಿಲ್ಲವೇ ಎಂದು ಮೇಡಂ ಕೇಳಿದರು. ಕಾಕು ಬಾಗಿಲ ಕಡೆಯೇ ನೋಡುತ್ತಿದ್ದಳು. ಅವರು ಪೆನ್ನಿನ ಮುಚ್ಚಳ ಹಾಕಿದರು.

ಆಗ ಕಾಕು ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಅಂಗೈಯಿಂದ ಮೇಜನ್ನು ರೊಟ್ಟಿಯ ತಾಳದಲ್ಲಿ ತಟ್ಟಿದಳು.

"ಮಿಲ್ಕ್ ಇನ್ ದ ಟೀ, ಟೀ ಇನ್ ದ ಕಪ್ಪಾ,
ಹ್ಯಾಂಡ್ಸಮ್ ಮ್ಯಾನ್ ಆಫ್ ಆಳಂದ, ಮೈ ಹಸ್ಬೆಂಡ್ ಮಲ್ಲಪ್ಪಾ."

ಗೋಡೆಗೆ ಒರಗಿ ನಿಂತಿದ್ದವರು ಮೊದಲು ನಕ್ಕರು, ಆಮೇಲೆ ಕೂತರು. ನಿಂತು ನಗುವುದು ಆಗಲಿಲ್ಲ. ಅಫಜಲಪುರದವಳು ಕಣ್ಣೊರೆಸಿಕೊಳ್ಳುತ್ತ ತನ್ನದೂ ಒಂದು ಇಂಗ್ಲಿಷ್ ಒಡಪು ಹೇಳಲು ಹೋದಳು, ಗಂಡನ ಹೆಸರಿಗೆ ಪ್ರಾಸ ಸಿಗದೆ ಅರ್ಧಕ್ಕೆ ಬಿಟ್ಟಳು. ಮೇಡಂಗೆ ಯಾರೋ ವಿಷಯ ಬಿಡಿಸಿ ಹೇಳಿದರು. ಅವರೂ ನಗುವುದರೊಳಗೆ ಕಾಕು ಚೀಲದಿಂದ ರೊಟ್ಟಿ, ಹಿಂಡಿ ತೆಗೆದು ಮೇಜಿನ ಮೇಲೆ ಇಟ್ಟಾಗಿತ್ತು. "ಟೇಸ್ಟ್ ಫಸ್ಟ್, ಟಾಕ್ ಲಾಸ್ಟ್" ಎಂದಳು. ಅದು ನಾನು ಕಲಿಸಿದ್ದಲ್ಲ. ಮೇಡಂ ತಿಂದರು, ಬೆಲೆ ಕೇಳಿದರು, ಚೌಕಾಸಿಗೆ ಇಳಿದು ಸೋತರು. ದಿಲ್ಲಿಗೆ ಯಾರು ಎಂಬುದು ಅಲ್ಲೇ ತೀರ್ಮಾನವಾಯಿತು. ವಾಪಸ್ ಬಸ್ಸಿನಲ್ಲಿ ಕಾಕು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಕಂಡದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಹೆಸರು ಹೇಳಿದಳು. ಗೊತ್ತಿಲ್ಲದ್ದಕ್ಕೆ ತಾನೇ ಹೆಸರಿಟ್ಟಳು. ಅವಳ ಪಕ್ಕದಲ್ಲಿ ಕೂತು, ಜನ ನೋಡುತ್ತಾರೆಂಬುದನ್ನೂ ಮರೆತು ನಾನು ಗಟ್ಟಿಯಾಗಿ ನಗುತ್ತಿದ್ದೆ.

ದಿಲ್ಲಿಯ ಮೇಳ ಮುಗಿದ ಮೇಲೆ ಜೈಪುರ ಎಂದರು, ಆಮೇಲೆ ಭೋಪಾಲ್. ನಡುವೆ ಅವಳು ಊರಿಗೆ ಬಂದಾಗ ನಾನು ಕಲಬುರಗಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಹೀಗಾಗಿ ನಾನು ಅವಳನ್ನು ಕೊನೆಯದಾಗಿ ನೋಡಿದ್ದು ಕಾಕಾ ಜೊತೆ ಕಲಬುರಗಿಗೆ ದಿಲ್ಲಿಯ ರೈಲು ಹತ್ತಿಸಲು ಹೋದ ದಿನ. ಕಿಟಕಿಯ ಪಕ್ಕ ಜಾಗ ಹಿಡಿದಿದ್ದಳು, ಕೈ ಬೀಸುತ್ತೇನೆ ಅಲ್ಲೇ ನಿಲ್ಲಿರಿ ಎಂದಿದ್ದಳು. ಗಾಡಿ ಅಲುಗಾಡುವಷ್ಟರಲ್ಲಿ ಎದುರು ಸೀಟಿನ ಹೆಂಗಸಿನ ಕಡೆ ತಿರುಗಿ, ಅಂಗೈ ಆಡಿಸುತ್ತ ಇಂಗ್ಲಿಷಿನಲ್ಲಿ ಏನನ್ನೋ ವಿವರಿಸತೊಡಗಿದ್ದಳು. ನಮ್ಮ ಕಡೆ ನೋಡಲೇ ಇಲ್ಲ.

ಮಲ್ಲಪ್ಪ ಕಾಕಾ ಗಾಡಿಯ ಕೊನೆಯ ಡಬ್ಬಿ ಮರೆಯಾಗುವವರೆಗೆ ಕೈ ಎತ್ತಿಕೊಂಡೇ ನಿಂತಿದ್ದರು. ಆಮೇಲೆ ಮೆಲ್ಲಗೆ, "ಯವ್ವಾ, ಲಗೂನ ಬಾ ಅನ್ನೂದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ?" ಎಂದರು.

'ಕಮ್ ಬ್ಯಾಕ್ ಸೂನ್' ಎಂದು ಹೇಳಿಕೊಟ್ಟೆ. ಆಳಂದ ಬರುವವರೆಗೂ ಬಸ್ಸಿನಲ್ಲಿ, ಪಕ್ಕದವರಿಗೆ ಕೇಳಿಸದಂತೆ ಅದನ್ನೇ ಅಂದುಕೊಳ್ಳುತ್ತ ಬಂದರು. ಮನೆ ಮುಟ್ಟಿ ಕಾಕುಗೆ ಫೋನ್ ಹಚ್ಚಿದರು. ಆ ಕಡೆಯಿಂದ ಹಲೋ ಎಂದ ಕೂಡಲೇ ಗಂಟಲು ಸರಿಮಾಡಿಕೊಂಡು, "ಉಂಡ್ಯಾ?" ಎಂದು ಕೇಳಿ ಇಟ್ಟುಬಿಟ್ಟರು.