ಅಕ್ಕನ ಮೆಣಸು-ಬೆಲ್ಲ

ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಯಾರೇ ತೀರಿಕೊಂಡರೂ ಹೆಣದ ಮುಂದೆ ಹಾಡುವುದು ನಮ್ಮ ಹೆಂಗಸರ ಭಜನಿ ಮೇಳ. ಮಣ್ಣಿಗೆ ಒಯ್ಯುವವರೆಗೂ ಹಾಡು ನಿಲ್ಲುವಂತಿಲ್ಲ. ಮುಂದೆ ನಿಂತು ಹೇಳುವವಳು ನಾನು, ತಾಳ ಹಾಕುವವಳು ನನ್ನಕ್ಕ. ಹಾಡು ಮುಗಿದಾಗೊಮ್ಮೆ ಅಕ್ಕ ಸೆರಗಿನ ಗಂಟು ಬಿಚ್ಚಿ ಮೆಣಸು-ಬೆಲ್ಲದ ಚೂರು ನನ್ನ ಬಾಯಿಗೆ ಹಾಕುತ್ತಿದ್ದಳು. ಗಂಟಲಿಗೆ ಒಳ್ಳೆಯದಂತೆ.

“ನಾ ಹೋದ ದಿನ ನೀನೇ ಹಾಡಬೇಕು. ಬ್ಯಾರೇದವ್ರು ಹಾಡಿದ್ರ ಎದ್ದು ಬಂದು ಬೈತೇನಿ ನೋಡು” ಎನ್ನುತ್ತಿದ್ದಳು.

“ಸುಮ್ಮನ ಕುಂಡ್ರ ಯಕ್ಕಾ, ನಿನ್ನ ಬಾಯಾಗ ಒಳ್ಳೇದ ಬರೂದಿಲ್ಲೇನು?” ಎಂದು ನಾನು ರೇಗುತ್ತಿದ್ದೆ.

ಆಮೇಲಾಮೇಲೆ ಹಾಡುವಾಗ ಕತ್ತು ಹಿಸುಕಿದಂತಾಗಿ, ಉಸಿರು ಒಳಗೆ ಹೋಗದೆ ಸುಂಯ್ ಎನ್ನತೊಡಗಿತು. ದಮ್ಮು ಎಂದರು. ಬಾಯಿಗೆ ಪಂಪು ಇಟ್ಟು ಔಷಧಿ ಎಳೆದೆ, ಏನೂ ಗುಣ ಕಾಣಲಿಲ್ಲ. ವಿಜಯಪುರದ ಗಂಟಲ ಡಾಕ್ಟರು ಮೂಗಿನಲ್ಲಿ ನಳಿಕೆ ಇಳಿಸಿ ನೋಡಿದರು.

“ಇದು ದಮ್ಮಲ್ಲರಿ. ಉಸಿರು ಎಳಕೊಳ್ಳುವಾಗ ತೆರೀಬೇಕಾದ ಸ್ವರತಂತು ಮುಚ್ಚಾಕತ್ತಾವ. ಹೊಟ್ಟ್ಯಾಗಿನ ಹುಳಿ ಮ್ಯಾಲೆ ಬಂದು ಅವನ್ನ ಕೆಣಕತೈತಿ. ಖಾರ, ಮೆಣಸು ಬಿಡ್ರಿ.”

ಬರಿಹೊಟ್ಟೆಗೆ ಗುಳಿಗೆ, ಸಂಜೆ ಬೇಗನೇ ಊಟ, ಮಲಗಿದಾಗ ಹುಳಿ ಮೇಲೇರದಂತೆ ಮಂಚದ ತಲೆಕಡೆಯ ಕಾಲಡಿ ಇಟ್ಟಿಗೆ. ಜೊತೆಗೆ ಮೂಗಿನಿಂದ ಉಸಿರೆಳೆದು, ತುಟಿ ಚೂಪು ಮಾಡಿ ಮೆಲ್ಲಗೆ ಊದುವ ಅಭ್ಯಾಸ. ಗುಣವಾಗಲು ತಿಂಗಳುಗಟ್ಟಲೆ ಬೇಕು ಎಂದರು.

ಅಕ್ಕ ಅತ್ತುಬಿಟ್ಟಳು. “ನನ್ನ ಕೈಯಾರೆ ನಿನ್ನ ಗಂಟಲ ಸುಟ್ಟೆನಲ್ಲೇ ಯವ್ವಾ.”

ಬರೀ ಮೆಣಸಿನಿಂದಲೇ ಆಗಿದ್ದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ದಿನಾ ಸಂಜೆ ನಮ್ಮ ಮನೆಗೆ ಬಂದು, ರೊಟ್ಟಿ ಬಡಿದು, ಹೊತ್ತು ಮುಳುಗುವ ಮೊದಲೇ ಉಣ್ಣಿಸಿ, ಉಂಡ ಮೇಲೆ ಅಡ್ಡಾಗಲು ಬಿಡದೆ ಎದುರಿಗೆ ಕೂತು ಕಾಯುತ್ತಿದ್ದಳು. ಎದೆಯುರಿ ಇಳಿಯಿತು. ಒಂದೊಂದು ನುಡಿ ಹಾಡುವಷ್ಟಾದೆ. ಅಷ್ಟರಲ್ಲಿ ಅಕ್ಕನ ಎದೆಬಡಿತವೇ ನಿಂತುಹೋಯಿತು. ಇನ್ನಷ್ಟು ದಿನ ತಡೆಯಬಾರದಿತ್ತೇ, ಎಂಥ ಅವಸರ ಆಕೆಯದು! ಇವತ್ತಿಗೂ ನನಗೆ ಅವಳ ಮೇಲೆ ಸಿಟ್ಟಿದೆ.

ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಹಾಡು ನಾನೇ ಎತ್ತಿದೆ. ಎರಡನೆಯ ನುಡಿಗೆ ಗಂಟಲು ಮುಚ್ಚಿತು. ಡಾಕ್ಟರು ಕಲಿಸಿದಂತೆ ಊದಿದೆ, ಮತ್ತೆ ಊದಿದೆ. ಉಸಿರು ಬಂತು, ದನಿ ಬರಲಿಲ್ಲ. ಪಕ್ಕದವಳು ನನ್ನ ಬೆನ್ನು ಸವರಿ ತಾನೇ ನುಡಿ ಮುಂದುವರಿಸಿದಳು, ಮೇಳ ಅವಳ ಹಿಂದೆ ದನಿಗೂಡಿಸಿತು. ನಾನು ಅಕ್ಕನ ತಾಳ ಕೈಗೆತ್ತಿಕೊಂಡು, ಅವಳ ಮುಖವನ್ನೇ ನೋಡುತ್ತ ಕೂತೆ.

ಮಣ್ಣಿಗೆ ಎತ್ತುವವರೆಗೂ ಬೇರೆಯವರೇ ಹಾಡಿದರು. ಅಕ್ಕ ಎದ್ದು ಬಂದು ಬೈಯಲಿಲ್ಲ.